ಮುಂದಿನ ಸಾಲಿನ ಅಂಜೂರ

ತಟ್ಟೆಯಲ್ಲಿ ಒಂದು ಹಣ್ಣು ಇರಲಿಲ್ಲ. ಚಿತ್ರಕಾರ ಎವಾರಿಸ್ತೊ ಎಣಿಸಿ ನೋಡಿ ತಿಳಿದದ್ದಲ್ಲ. ಕಿಟಕಿಯ ಬಾಗಿಲು ತೆರೆದು ಮೇಜಿನ ಕಡೆ ತಿರುಗಿದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಆ ಖಾಲಿ ಜಾಗ. ದಿಟ್ಟಿಸಿ ದಿಟ್ಟಿಸಿ ಆ ಮೇಜಿನ ಮೇಲಿನ ಒಂದೊಂದು ಸಾಮಾನೂ ಅವನಿಗೆ ಸ್ವಂತ ಹಲ್ಲಿನಷ್ಟು ಪರಿಚಯವಾಗಿತ್ತು. ತಾಮ್ರದ ಪಾತ್ರೆ, ಅದಕ್ಕೆ ಒರಗಿಸಿದ ದುಂಡು ರೊಟ್ಟಿ, ಬಿರಡೆ ಹಾಕಿದ ದ್ರಾಕ್ಷಾರಸದ ಕೂಜೆ, ಹಿಡಿ ಮೇಜಿನಂಚಿನಿಂದ ಆಚೆ ಚಾಚಿಕೊಂಡ ಚಾಕು, ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹಸಿರು ಅಂಜೂರ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಯಿತು. ಮುಂದಿನ ಸಾಲಿನ ನಡುವಿನ ಹಣ್ಣು, ತೊಗಲು ಬಿರಿದು ಒಳಗಿನ ಕೆಂಪು ಎಳೆಯಷ್ಟು ಇಣುಕುತ್ತಿದ್ದದ್ದು, ಇಲ್ಲ. ಬೇರೆ ಯಾವ ಹಣ್ಣು ಹೋಗಿದ್ದರೂ ಅವನು ಬೈದುಕೊಂಡು ಸುಮ್ಮನಾಗುತ್ತಿದ್ದ. ಹಿಂದಿನವು ಹೇಗೂ ಬಾಡಿ ಸುಕ್ಕುಗಟ್ಟಿದ್ದವು. ಮುಂದಿನ ಸಾಲಿಗೆ ಮಾತ್ರ ಅವನು ನಿನ್ನೆ ಸಂಜೆ ಬಣ್ಣ ಬಳಿದಿದ್ದ. ಚಿತ್ರದಲ್ಲಿ ಅಲ್ಲ, ಹಣ್ಣಿನ ಮೈಗೇ. ಅವನು ಮಂಡಿಯೂರಿ ಮೇಜಿನ ಕೆಳಗೆ ನೋಡಿದ. ಗೋಡೆಯ ಮೂಲೆಗೆ ಕೈ ಹಾಕಿ ತಡಕಿದ. ಇಲಿಯಾಗಿದ್ದರೆ ಸಾಕು ದೇವರೇ, ಅಂದುಕೊಂಡ. ಇಲಿಯಾದರೆ ತೊಟ್ಟನ್ನಾದರೂ ಬಿಟ್ಟು ಹೋಗುತ್ತಿತ್ತು, ಅರ್ಧ ಕಚ್ಚಿ ಇನ್ನೊಂದಕ್ಕೆ ಬಾಯಿ ಹಾಕುತ್ತಿತ್ತು. ಇಲ್ಲಿ ಅಕ್ಕಪಕ್ಕದ ಹಣ್ಣು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಯಾರೋ ಎರಡು ಬೆರಳಲ್ಲಿ, ಉಳಿದವಕ್ಕೆ ತಾಕದ ಹಾಗೆ, ತುಂಬಾ ನಾಜೂಕಾಗಿ ಎತ್ತಿಕೊಂಡಿದ್ದರು. ಮನೆಯಲ್ಲಿದ್ದವರು ಮೂರೇ ಜನ: ಅವನು, ಹೆಂಡತಿ ಕಸಿಲ್ದಾ, ಅತ್ತೆ ಬ್ರಿಹಿದಾ. ಅತ್ತೆಗೆ ಅಂಜೂರದ ಬೀಜ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಆಕೆ ಅದನ್ನು ಮುಟ್ಟುವುದಿಲ್ಲ. ಕಸಿಲ್ದಾ ದಿನ ತುಂಬುತ್ತಿದ್ದ ಬಸುರಿ.

ಬುಟ್ಟಿ ಬಂದ ದಿನ ಅವಳೇ ಬಾಗಿಲು ತೆಗೆದಿದ್ದಳು. ನದಿಯಾಚೆಯ ಗುಡ್ಡದ ಮೇಲೆ ಮಾರ್ಕೇಸ್ ದೊರೆಯ ತೋಟ. ಅಲ್ಲಿ ದಕ್ಷಿಣದ ಗೋಡೆಗೆ ಅಂಟಿಕೊಂಡು ಬೆಳೆದ ಅಂಜೂರದ ಗಿಡ ಇಡೀ ತೊಲೇದೊ ಊರಿಗೆ ಮೊದಲು ಹಣ್ಣು ಬಿಡುತ್ತದೆ. ಪೇಟೆಗೆ ಅಂಜೂರ ಬರಬೇಕಾದರೆ ಸಂತ ಯೋವಾನನ ಹಬ್ಬ ಕಳೆಯಬೇಕು. ಅದಕ್ಕೇ ದೊರೆಗೆ ಆ ಹಣ್ಣಿನ ಚಿತ್ರ ಬೇಕಾಗಿತ್ತು, ಊಟದ ಕೋಣೆಯಲ್ಲಿ ತೂಗುಹಾಕಿ ವರ್ಷವೆಲ್ಲ ಬಂದವರಿಗೆ ತೋರಿಸುವುದಕ್ಕೆ. ಬುಟ್ಟಿಯ ಮೇಲಿನ ಎಲೆ ಸರಿಸಿ ಕಸಿಲ್ದಾ ಮೂಗು ಹತ್ತಿರ ತಂದಳು. ಕಣ್ಣು ಮುಚ್ಚಿದಳು. ಹೊಟ್ಟೆಯ ಮೇಲೆ ಕೈ ತಾನಾಗಿ ಹೋಯಿತು. 'ಒಂದೇ ಒಂದು ತಗೊಳ್ಲಾ?' ಅಂದಳು. ಅವನು ಆಗಲೇ ಮನಸ್ಸಿನಲ್ಲಿ ಹಣ್ಣುಗಳನ್ನು ತಟ್ಟೆಗೆ ಜೋಡಿಸುತ್ತಿದ್ದ, ಯಾವುದು ಹಿಂದೆ, ಯಾವುದು ಮುಂದೆ. 'ಚಿತ್ರ ಮುಗೀಲಿ, ಆಮೇಲೆ ಎಲ್ಲಾ ನಿಂದೇ' ಅಂದ. ಹೇಳಿದ ಮೇಲೆ ಆ ಮಾತು ಉದಾರವಾಗಿಯೇ ಕೇಳಿಸಿತು ಅವನಿಗೆ. ಬಸುರಿಯ ಬಯಕೆಗೆ ಇಲ್ಲ ಅನ್ನುವ ಗಂಡಸು ಈ ಊರಲ್ಲಿಲ್ಲ. ಬಸುರಿ ಹೆಂಗಸು ಕಣ್ಣಿಟ್ಟು ನೋಡಿದರೆ ಜಿಪುಣ ಕಟುಕನೂ ಒಂದು ತುಂಡು ಕೊಯ್ದು ಕೊಡುತ್ತಾನೆ, ಹಣ್ಣಿನಂಗಡಿಯವಳು ಕರೆದು ಕೈಗಿಡುತ್ತಾಳೆ. ಬಯಕೆ ತೀರದಿದ್ದರೆ ಬಯಸಿದ್ದೇ ಮಚ್ಚೆಯಾಗಿ ಮಗುವಿನ ಮೈಮೇಲೆ ಮೂಡುತ್ತದೆ. ಅತ್ತೆ ಅಡುಗೆಮನೆಯಿಂದಲೇ ಗೋಡೆಗೆ ಹೇಳುವವಳ ಹಾಗೆ ಹೇಳಿದ್ದಳು: 'ಹೆಣ್ಣಾದ್ರೆ ಮುಖದ ಮೇಲೆ ಹಸಿರು ಅಂಜೂರ ಹೊತ್ಕೊಂಡು ಹುಟ್ಟುತ್ತೆ. ಆಗ ಮದುವೆ ಮಾಡೋಕೆ ನಮ್ಮ ಅಳಿಯಂದಿರು ಅದಕ್ಕೂ ಬಣ್ಣ ಬಳೀತಾರೆ ಬಿಡು.' ಎಲ್ಲರೂ ನಕ್ಕರು, ಕಸಿಲ್ದಾನೂ ನಕ್ಕಳು. ಮನೆಯಲ್ಲಿದ್ದ ಒಂದೇ ಮೇಜು ಅಡುಗೆಮನೆಯಿಂದ ಮುಂದಿನ ಕೋಣೆಗೆ ಬಂತು. ಅಂದಿನಿಂದ ಅವಳು ಹಿಟ್ಟು ನಾದುತ್ತಿದ್ದದ್ದು ಬಟ್ಟೆಯ ಪೆಟ್ಟಿಗೆಯ ಮುಚ್ಚಳದ ಮೇಲೆ, ಉಣ್ಣುತ್ತಿದ್ದದ್ದು ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು. ಆ ಹೊಟ್ಟೆಗೆ ತೊಡೆಯ ಮೇಲೆ ಜಾಗವೇ ಇರಲಿಲ್ಲ.

ಎಲ್ಲ ಬೇಗ ಮುಗಿಯಬೇಕಿತ್ತು. ಮುಗಿಯಗೊಡದಿದ್ದದ್ದು ಹಬ್ಬ. ಪರಮಪ್ರಸಾದದ ಕೋರ್ಪುಸ್ ಹಬ್ಬದ ಮೆರವಣಿಗೆ ಹಾದುಹೋಗುವ ಬೀದಿಗಳಿಗೆಲ್ಲ ಮನೆಯಿಂದ ಮನೆಗೆ ದಪ್ಪ ಬಟ್ಟೆಯ ಮೇಲ್ಕಟ್ಟು ಕಟ್ಟುತ್ತಾರೆ. ನೆಲಕ್ಕೆ ಕಾಡುತುಳಸಿಯಂಥ ಘಮಘಮ ಗಿಡ ಹಾಸುತ್ತಾರೆ. ಪ್ರತಿ ವರ್ಷವೂ ಕಟ್ಟುತ್ತಾರೆ, ಅವನು ಹುಟ್ಟಿದ್ದೇ ಆ ಬಟ್ಟೆಯ ನೆರಳಲ್ಲಿ. ಆದರೂ ಹಣ್ಣು ನೋಡಿದ ಸಂಭ್ರಮದಲ್ಲಿ ಅದೊಂದು ಮರೆತುಹೋಗಿತ್ತು. ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಬೆಳಕೆಲ್ಲ ಹಳೆಯ ಎಣ್ಣೆಯ ಹಾಗೆ ಹಳದಿ. ತಾಮ್ರ ಮಣ್ಣಾಗಿ ಕಂಡಿತು, ರೊಟ್ಟಿ ಕಲ್ಲಾಗಿ. ಹಬ್ಬ ಮುಗಿದು ನಗರಸಭೆಯ ಆಳುಗಳು ಸಾವಕಾಶವಾಗಿ ಹಗ್ಗ ಬಿಚ್ಚುವವರೆಗೆ ಅವನು ಕೈಕಟ್ಟಿ ಕೂತ. ಹಣ್ಣು ಕಾಯಲಿಲ್ಲ. ನಿನ್ನೆ ಬೆಳಕು ಮರಳಿ ಬಂದಾಗ ತಟ್ಟೆಯಲ್ಲಿದ್ದದ್ದು ಬೇರೆಯೇ ಹಣ್ಣು. ಮೇಲಿನ ಬೂದಿಯಂಥ ಬಿಳುಪು ಹೋಗಿ ಮೈ ಕಂದಿತ್ತು. ಚಿತ್ರದಲ್ಲಿ ಹಿಂದಿನ ಸಾಲೆಲ್ಲ ಮುಗಿದಿತ್ತು, ಮುಂದಿನದು ಬರೀ ಗೆರೆ. ಇವತ್ತು ಮಧ್ಯಾಹ್ನಕ್ಕೆ ದೊರೆಯ ಪಾರುಪತ್ಯಗಾರ ದೊನ್ ಅನ್ಸೆಲ್ಮೊ ನೋಡಲು ಬರುವವನಿದ್ದ. ನೆನಪಿನಿಂದ ಬರೆಯಬಹುದಿತ್ತು, ಬೇರೆಯವರು ಬರೆಯುತ್ತಾರೆ. ಕಣ್ಣೆದುರು ಇಲ್ಲದ್ದನ್ನು ನಾನು ಬರೆಯುವುದಿಲ್ಲ ಅಂತ ಹತ್ತು ಜನರ ಮುಂದೆ ಎದೆ ತಟ್ಟಿಕೊಂಡವನು ಅವನು. ಮೇಣದ ಹಣ್ಣು ಇಟ್ಟುಕೊಂಡು ಬರೆಯುವ ಪಕ್ಕದ ಬೀದಿಯ ಚಿತ್ರಕಾರನನ್ನು ಅದೇ ದೊನ್ ಅನ್ಸೆಲ್ಮೊನ ಎದುರು, ಅವನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುವ ಹಾಗೆ, ಆಡಿಕೊಂಡಿದ್ದ. ಈ ಕೆಲಸ ಅವನಿಗೆ ಸಿಕ್ಕಿದ್ದೇ ಆ ನಗುವಿನಿಂದ. ಹಾಗಾಗಿ ನಿನ್ನೆ ಸಂಜೆ ಬಾಗಿಲು ಹಾಕಿಕೊಂಡು ಮುಂದಿನ ಸಾಲಿನ ಹಣ್ಣುಗಳಿಗೆ ಕಿಲುಬಿನ ಹಸಿರು ಹಚ್ಚಿದ. ತಾಮ್ರದ ತಗಡನ್ನು ಹುಳಿಯ, ಅಂದರೆ ಹುಳಿತ ದ್ರಾಕ್ಷಾರಸದ, ಮೇಲೆ ತೂಗುಹಾಕಿ, ಮೂಡಿದ ಕಿಲುಬನ್ನು ಕೆರೆದು, ಅರೆದು, ಎಣ್ಣೆಯಲ್ಲಿ ಕಲಸಿದ ಬಣ್ಣ. ಅದರ ಮೇಲೆ ಒಣ ಬಟ್ಟೆಯಲ್ಲಿ ಸೀಸದ ಬಿಳಿ ಸವರಿದ. ಹಣ್ಣಿನ ಮೈ ಮತ್ತೆ ಬೆಳಗಿನ ಮಂಜು ಹಿಡಿದ ಹಾಗಾಯಿತು. ಅವನಿಗೆ ಎಂಥ ಸಂತೋಷವಾಯಿತೆಂದರೆ ಒಬ್ಬನೇ ನಿಂತು ನಕ್ಕ. ಯಾರನ್ನಾದರೂ ಕರೆದು ತೋರಿಸಬೇಕು ಅನಿಸಿತು. ತೋರಿಸುವ ಹಾಗಿರಲಿಲ್ಲ.

ಅಡುಗೆಮನೆಯಲ್ಲಿ ಕಸಿಲ್ದಾ ಒಲೆಯ ಮುಂದಿನ ಮೋಟು ಕುರ್ಚಿಯಲ್ಲಿ ಕೂತಿದ್ದಳು. ಬೆಳ್ಳುಳ್ಳಿ ಹಾಕಿದ ರೊಟ್ಟಿಸಾರಿನ ಬಟ್ಟಲು ಪಕ್ಕದಲ್ಲಿ ಆರಿ ಕೆನೆಗಟ್ಟಿತ್ತು. ಬಾಗಿಲಲ್ಲಿ ನಿಂತು ಅವನು ಅವಳ ತುಟಿ ನೋಡಿದ. ಬೆಳಕು ಹಿಂದಿನಿಂದ ಬರುತ್ತಿತ್ತು, ಏನೂ ಕಾಣಲಿಲ್ಲ. ಅವಳು ತುದಿನಾಲಿಗೆ ಹಲ್ಲಿಗೆ ಒತ್ತಿ ಏನನ್ನೋ ಉಗುಳುವ ಹಾಗೆ ಮಾಡುತ್ತಿದ್ದಳು. ಈಗ ಕೇಳಬೇಕು. ಕೇಳುವುದೇನು ಮಹಾ, ಮೂರು ಶಬ್ದ. ನೀನು ಅಂಜೂರ ತಿಂದೆಯಾ? ತಿಂದಿದ್ದರೆ ಬಾಯಿಗೆ ಬೆರಳು ಹಾಕಿ ಕಕ್ಕಿಬಿಡು. ಯಾಕೆ, ಅನ್ನುತ್ತಾಳೆ. ಅಲ್ಲಿಗೆ ಬಂದು ಅವನ ಮನಸ್ಸು ಕಾಲು ಜಾರಿ ನಿಂತಿತು. ಒಂದು ಹಣ್ಣಿಗೆ ಇಲ್ಲ ಅಂದವನು, ಕೊಳೆಯಲು ಬಿಟ್ಟವನು, ಕೊಳೆತದ್ದನ್ನು ಹೊಸದರಂತೆ ಕಾಣಿಸಿ ಎದುರಿಗಿಟ್ಟವನು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಬೇಕು. ಅತ್ತೆ ಅಲ್ಲೇ ಬಟಾಣಿ ಸುಲಿಯುತ್ತಾ ಕೂತಿದ್ದಾಳೆ. ಅತ್ತೆಗೆ ತಿಳಿದದ್ದು ಮಧ್ಯಾಹ್ನದೊಳಗೆ ನೀರಿನ ಕಟ್ಟೆಗೆ, ಅಲ್ಲಿಂದ ಊರಿಗೆ.

'ರಾತ್ರಿ ಬೆಕ್ಕೇನಾದ್ರೂ ಒಳಗೆ ಬಂದಿತ್ತಾ?' ಅಂದ.

ಕಸಿಲ್ದಾ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದ ಮಗುವಿನ ನಾಚಿಕೆ ಇತ್ತು, ಅದರ ಜೊತೆಗೆ ಸ್ವಲ್ಪ ಮೊಂಡುತನ. ಅವನು ನೇರವಾಗಿ ಕೇಳಿದ್ದರೆ ಅವಳು ಆ ಕ್ಷಣ ಒಪ್ಪಿಕೊಳ್ಳುತ್ತಿದ್ದಳು, ಅದೂ ಅವನಿಗೆ ಕಂಡಿತು.

'ನಮ್ಮನೇಲಿ ಯಾವ ಬೆಕ್ಕು?' ಅಂದಳು ಅತ್ತೆ. 'ಬೆಕ್ಕು ಅಂಜೂರ ತಿನ್ನುತ್ತಾ ಅಳಿಯಂದಿರೇ? ತಿಂದ್ರೆ ಹೇಳಿ, ನಮ್ಮ ಪಾದ್ರಿಗಳಿಗೆ ತೋರಿಸೋಣ, ಪವಾಡ ಅಂತ ಬರ್ಕೊಳ್ತಾರೆ.'

ಅಂಜೂರದ ಮಾತನ್ನು ಅವನು ಎತ್ತಿರಲೇ ಇಲ್ಲ. ಅತ್ತೆಗೆ ಗೊತ್ತಿತ್ತು ಹಾಗಾದರೆ. ಇಬ್ಬರಿಗೂ ಗೊತ್ತಿತ್ತು. ತಾಯಿ ಮಗಳು ಸೇರಿ ಇವತ್ತು ಬೆಳಿಗ್ಗೆ ಒಂದು ಸಣ್ಣ ಕಳ್ಳತನ ಮಾಡಿ ಒಳಗೊಳಗೇ ನಗುತ್ತಿದ್ದರು. ಆ ನಗುವೇ ಅವನಿಗೆ ಆಧಾರವಾಯಿತು. ನಗುವವರಿಗೆ ಏನಾಗುತ್ತದೆ? 'ಸಾರು ಕುಡಿ, ಆರಿಹೋಯ್ತು' ಅಂದು ಹೊರಟುಬಂದ.

ಎಷ್ಟು ಹಚ್ಚಿದ್ದೆ? ಕುಂಚದ ತುದಿಯಲ್ಲಿ ನಿಲ್ಲುವಷ್ಟು. ಇಲ್ಲ, ಬಿರುಕಿನ ಅಂಚಿಗೆ ಎರಡನೇ ಸಲ ಹಚ್ಚಿದ್ದೆ, ಅಲ್ಲಿ ಬಣ್ಣ ಒಳಗಿಳಿದು ನಿಂತಿತ್ತು. ಆದರೂ ತೊಗಲಿನ ಮೇಲಷ್ಟೇ. ಅವಳು ತೊಗಲು ಸುಲಿದು ತಿಂದಿರಬಹುದು. ಅವಳು ಯಾವತ್ತೂ ತೊಗಲು ಸುಲಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಊರಾಚೆಯ ಬೇಲಿಯ ಗಿಡದಿಂದ ಕಿತ್ತು ಇಡೀ ಇಡೀ ಬಾಯಿಗೆ ಹಾಕಿಕೊಂಡು, ಹಾಲು ಗಲ್ಲಕ್ಕಿಳಿದು ತುರಿಕೆಯೆದ್ದು, ಅವನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದ. ಎವಾರಿಸ್ತೊ ಕುಂಚ ಕೈಗೆತ್ತಿಕೊಂಡು ಉಳಿದ ಎರಡು ಹಸಿರು ಹಣ್ಣುಗಳನ್ನು ನೋಡುತ್ತಾ ಕೂತ. ಅವನಮ್ಮ ತಾಮ್ರದ ಪಾತ್ರೆಗಳನ್ನು ಬೂದಿ, ನಿಂಬೆಸಿಪ್ಪೆ ಹಾಕಿ ಉಜ್ಜುವಾಗ ಮೂಲೆಯಲ್ಲಿ ಉಳಿದ ಹಸಿರು ಚುಕ್ಕೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು; ಕಿಲುಬು ಹೊಟ್ಟೆಗೆ ಹೋದರೆ ಕರುಳು ಕಿತ್ತು ಬರುತ್ತದೆ ಅನ್ನುತ್ತಿದ್ದಳು. ಕಸಿಲ್ದಾನೂ ಹಾಗೇ ಉಜ್ಜುತ್ತಾಳೆ. ಕಿಲುಬು ಕಂಡರೆ ಅವಳಿಗೆ ಗೊತ್ತಾಗುತ್ತದೆ. ಇದು ಗೊತ್ತಾಗಲಿಲ್ಲ, ಯಾಕೆಂದರೆ ಇದನ್ನು ಅವನು ಚೆನ್ನಾಗಿ ಮಾಡಿದ್ದ. ಬಾಡಿದ ಹಣ್ಣುಗಳ ಮುಂದೆ ಆ ಸಾಲೊಂದೇ ಈಗ ತಾನೇ ಕಿತ್ತು ತಂದ ಹಾಗೆ ಇತ್ತು. ಅವಳು ಆರಿಸಿಕೊಂಡದ್ದು ಅದರಿಂದಲೇ. ಈ ಯೋಚನೆ ಬಂದಾಗ ಅವನೊಳಗೆ ಮಿಂಚಿ ಮಾಯವಾದದ್ದು ಹೆಮ್ಮೆ. ಅದನ್ನು ಗುರುತು ಹಿಡಿದು ಅವನಿಗೆ ಮೈಯೆಲ್ಲ ಹೇಸಿಗೆಯಾಯಿತು. ಎದ್ದು ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿದ. ಅಷ್ಟರಲ್ಲಿ ಬೀದಿಬಾಗಿಲು ಬಡಿದ ಸದ್ದಾಯಿತು.

ದೊನ್ ಅನ್ಸೆಲ್ಮೊ ಹೊತ್ತಿಗೆ ಮುಂಚೆ ಬಂದಿದ್ದ. ದಪ್ಪ ಮನುಷ್ಯ, ಮೆಟ್ಟಿಲು ಹತ್ತಿ ಬಂದವನು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟ. 'ಏನ್ರೀ ಮೇಸ್ತ್ರಿ, ಸ್ವರ್ಗಕ್ಕೆ ಹತ್ತಿರ ಮನೆ ಮಾಡಿದೀರಾ?' ಅಂದ. ಗೋಡೆಗೆ ಸುಣ್ಣ ಬಳಿಯುವವನನ್ನೂ ಅವನು ಅದೇ ದನಿಯಲ್ಲಿ ಮೇಸ್ತ್ರಿ ಅನ್ನುತ್ತಿದ್ದ. ಚಿತ್ರದ ಮುಂದೆ ನಿಂತು ತಲೆ ಆ ಕಡೆ ಈ ಕಡೆ ವಾಲಿಸಿದ. ಆಮೇಲೆ ಮೇಜಿನ ಮುಂದೆ ನಿಂತ. ಮತ್ತೆ ಚಿತ್ರದ ಮುಂದೆ.

'ಅಬ್ಬಬ್ಬಾ. ರೊಟ್ಟಿ ಮುರಿದು ತಿನ್ನೋಣ ಅನ್ಸುತ್ತಲ್ರೀ. ಹಕ್ಕಿ ಗಿಕ್ಕಿ ಒಳಗೆ ಬಂದು ಕುಕ್ಕೀತು, ಕಿಟಕಿ ಹಾಕಿಡಿ. ಮೊನ್ನೆ ಆ ಮೇಣದ ಹಣ್ಣಿನ ಮಹಾಶಯ ಸಿಕ್ಕಿದ್ದ. ನಿಮ್ಮ ಹೆಸರೆತ್ತಿದೆ ನೋಡಿ, ಮುಖ ಹುಳಿ ಕುಡಿದ ಹಾಗಾಯ್ತು.' ಬೆರಳು ಚಾಚಿ ಮುಂದಿನ ಸಾಲು ತೋರಿಸಿದ. 'ಇದೊಂದು ಬಾಕಿ ಇದೆ.'

'ಇವತ್ತು ಮುಗಿಯುತ್ತೆ ದಣಿ.'

'ಮುಗೀಲೇಬೇಕು. ನಾಳೆ ಬೆಳಿಗ್ಗೆ ಗಾಡಿ ಕಳಿಸ್ತೀನಿ. ಹಣ್ಣು ಮಾತ್ರ ಎಷ್ಟು ತಾಜಾ ಇಟ್ಟಿದೀರಿ! ನಮ್ಮ ತೋಟದಲ್ಲಿ ಮಿಕ್ಕಿದ್ದೆಲ್ಲ ಕಪ್ಪಿಟ್ಟುಹೋಯ್ತು, ನನ್ನ ಬಾಯಿಗೆ ಒಂದೂ ಬೀಳಲಿಲ್ಲ. ದೊರೆಗಳ ಗಿಡ, ಪಾರುಪತ್ಯಗಾರನಿಗೆ ಬರೀ ಎಲೆ.' ಅಂದವನೇ ತಟ್ಟೆಗೆ ಕೈ ಹಾಕಿ ಮುಂದಿನ ಸಾಲಿನ ಎಡಗಡೆಯ ಹಣ್ಣನ್ನು ಎತ್ತಿಕೊಂಡು ಬಾಯಿ ತೆರೆದ.

ಎವಾರಿಸ್ತೊ ಹೇಗೆ ಎದ್ದನೋ ಅವನಿಗೇ ತಿಳಿಯಲಿಲ್ಲ. ಬಣ್ಣದ ಹಲಗೆ ನೆಲಕ್ಕೆ ಬಿತ್ತು. ಅವನು ದೊನ್ ಅನ್ಸೆಲ್ಮೊನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದಿದ್ದ. 'ಬೇಡ! ತಿನ್ನಬೇಡಿ!' ಅನ್ನುವುದು ಅವನ ಗಂಟಲಿನಿಂದ ಕಿರುಚಿದ ಹಾಗೆ ಬಂತು. ಹಣ್ಣು ಉರುಳಿ ರೊಟ್ಟಿಗೆ ತಾಕಿ ನಿಂತಿತು. ಆಗ ಅವನು ತಲೆಯೆತ್ತಿದ. ಬಾಗಿಲಲ್ಲಿ ಕಸಿಲ್ದಾ ನಿಂತಿದ್ದಳು, ಅತಿಥಿಗೆಂದು ತಂದ ಬಿಸಿ ಚಾಕೊಲೇಟಿನ ತಟ್ಟೆ ಕೈಯಲ್ಲಿ.

'ಯಾಕ್ರೀ?' ಅಂದಳು. ದನಿ ತೀರಾ ಮಾಮೂಲಾಗಿತ್ತು. 'ದಣಿಗಳು ತಿಂದ್ರೆ ಏನಾಗುತ್ತೆ?'

'ಹಳೇದಾಗಿದೆ' ಅಂದ ಎವಾರಿಸ್ತೊ. ಇನ್ನೂ ಮಣಿಕಟ್ಟು ಬಿಟ್ಟಿರಲಿಲ್ಲ. 'ಹುಳ ಬಿದ್ದಿದೆ ಒಳಗೆ.'

'ಹುಳಾನಾ' ಅಂದಳು ಅವಳು.

ದೊನ್ ಅನ್ಸೆಲ್ಮೊ ಕೈ ಬಿಡಿಸಿಕೊಂಡು ನಕ್ಕ. 'ಹುಳಕ್ಕೆ ಇಷ್ಟು ಹೆದರಿಸೋದೇನ್ರೀ? ನಾನೆಲ್ಲೋ ನಿಮ್ಮ ಚಿತ್ರ ಕೆಡುತ್ತೆ ಅಂತ ಕೂಗಿದ್ರಿ ಅಂದ್ಕೊಂಡೆ. ಕಲಾವಿದರು ನೋಡಮ್ಮ, ಹೆಂಡತೀನ ಮುಟ್ಟಿದ್ರೂ ಸುಮ್ಮನಿರ್ತಾರೆ, ಹಣ್ಣು ಮುಟ್ಟೋ ಹಾಗಿಲ್ಲ.' ಬೆರಳನ್ನು ಕರವಸ್ತ್ರಕ್ಕೆ ಒರೆಸಿದ. ವಸ್ತ್ರದ ಮೇಲೆ ಮೂಡಿದ ಹಸಿರು ಗುರುತನ್ನು ಅವನು ನೋಡದೆ ಮಡಚಿ ಜೇಬಿಗೆ ಹಾಕಿದ. ಕಸಿಲ್ದಾ ನೋಡಿದಳು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಣ್ಣೀರಿನ ಲೋಟವನ್ನು ಪಕ್ಕಕ್ಕೆ ಸರಿಯಾಗಿ ಜೋಡಿಸಿ, ಒಂದು ಕೈಯಿಂದ ಗೋಡೆ ಸವರಿಕೊಂಡು ಒಳಗೆ ಹೋದಳು. ಪರರ ಪಾರುಪತ್ಯಗಾರನಿಗಾಗಿ ಅಷ್ಟು ಚುರುಕಾಗಿ ಎದ್ದ ಅವನ ಕಾಲು, ಅವಳ ಹಿಂದೆ ಹೋಗಲು ಏಳಲಿಲ್ಲ. ದೊನ್ ಅನ್ಸೆಲ್ಮೊ ಚಾಕೊಲೇಟ್ ಕುಡಿಯುತ್ತಾ ಇನ್ನೂ ಬಹಳ ಹೊತ್ತು ಮಾತಾಡಿದ, ತನ್ನ ಮಂಡಿನೋವಿನ ಬಗ್ಗೆ, ಹಬ್ಬದಲ್ಲಿ ಯಾರು ಯಾರ ಮುಂದೆ ನಡೆದರು ಅನ್ನುವುದರ ಬಗ್ಗೆ. ಎವಾರಿಸ್ತೊ ಹೌದು ದಣಿ, ಹೌದು ದಣಿ ಅನ್ನುತ್ತಿದ್ದ.

ದೊನ್ ಅನ್ಸೆಲ್ಮೊ ಹೋದ ಮೇಲೆ ಒಳಗಿನಿಂದ ಯಾರೋ ಓಕರಿಸುವ ಸದ್ದು ಕೇಳಿಸಿತು. ಓಕರಿಸಿದ್ದು ಒಳ್ಳೆಯದೇ, ಎಲ್ಲ ಹೊರಗೆ ಬಂದರೆ ತೀರಿತಲ್ಲ. ಈಗ ಅವಳಿಗೆ ಗೊತ್ತಾಗಿದೆ, ತಾನು ಹೇಳುವ ಅಗತ್ಯವೂ ಇಲ್ಲ. ಅವಳೇ ಅವ್ವನಿಗೆ ಹೇಳಿ ಏನು ಬೇಕೋ ಮಾಡಿಸಿಕೊಳ್ಳುತ್ತಾಳೆ. ಹೀಗೆ ಒಂದರ ಮೇಲೊಂದು ಇಟ್ಟುಕೊಂಡು ಅವನು ಚಿತ್ರದ ಮುಂದೆ ಕೂತ. ಬೆಳಕು ಚೆನ್ನಾಗಿತ್ತು, ಹಬ್ಬಕ್ಕೆ ಮುಂಚಿನ ಅದೇ ಬೆಳಕು. ಎಡಗಡೆಯ ಹಣ್ಣನ್ನು ಅದರ ಜಾಗದಲ್ಲಿಟ್ಟು ಬರೆದ, ಬಲಗಡೆಯದನ್ನು ಬರೆದ. ನಡುವೆ ಖಾಲಿ ಜಾಗ. ಅಲ್ಲಿಗೆ ಕುಂಚ ತಂದಾಗ ಕೈ ತಡೆಯುತ್ತದೆ ಅಂದುಕೊಂಡಿದ್ದ. ತಡೆಯಲಿಲ್ಲ. ಇಲ್ಲದ ಹಣ್ಣು ಇದ್ದದ್ದಕ್ಕಿಂತ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಬಿರುಕಿನ ಕೆಂಪು, ಅಂಚಿನಲ್ಲಿ ಹಸಿರು ದಟ್ಟವಾದ ಜಾಗ, ತೊಟ್ಟಿನ ಬುಡದಲ್ಲಿ ತೂಗಿದ ಹಾಲಿನ ಹನಿ. ಇಷ್ಟು ಚೆನ್ನಾಗಿ ಅವನು ಜೀವಮಾನದಲ್ಲಿ ಏನನ್ನೂ ಬರೆದಿರಲಿಲ್ಲ. ಒಳಗೆ ಒಂದು ಸಲ ಅವಳು ನರಳಿದ್ದು ಕೇಳಿ ಕುಂಚ ನಿಲ್ಲಿಸಿದ. ಸದ್ದು ನಿಂತ ಮೇಲೆ ಮುಂದುವರಿಸಿದ.

ಸೂಲಗಿತ್ತಿ ಲೆಯೊನಾರ್ದಾಳನ್ನು ಅತ್ತೆಯೇ ಹೋಗಿ ಕರೆತಂದಳು. ಈ ಬೀದಿಯ ಅರ್ಧ ಜನ ಆ ಮುದುಕಿಯ ಕೈಯಲ್ಲೇ ಹುಟ್ಟಿದವರು, ಎವಾರಿಸ್ತೊನೂ ಸೇರಿ. ಅವಳು ಒಳಗೆ ಹೋಗಿ, ಹೊರಗೆ ಬಂದು, ಕೈಯೊರೆಸಿಕೊಳ್ಳುತ್ತಾ ಅವನ ಮುಂದೆ ನಿಂತಳು.

'ನೋವು ಶುರುವಾಗಿದೆ. ದಿನ ಇನ್ನೂ ತುಂಬಿಲ್ಲ. ಏನು ತಿಂದ್ಲು?'

'ಅಂಜೂರ' ಅಂದ.

'ಅಂಜೂರ ತಿಂದ್ರೆ ಹೀಗಾಗುತ್ತಾ? ನಾನು ಬಸುರೀಲಿ ಬುಟ್ಟಿಗಟ್ಟಲೆ ತಿಂದಿದೀನಿ. ಅವಳನ್ನ ಕೇಳಿದ್ರೆ, ನನ್ನ ಗಂಡನ್ನ ಕೇಳಿ ಅಂತಾಳೆ. ಇಷ್ಟೇ ಅವಳ ಮಾತು. ಅದಕ್ಕೆ ಬಂದೆ. ಹೇಳು ಮಗಾ.'

ಅವಳು ನನ್ನ ಗಂಡನ್ನ ಕೇಳಿ ಅಂದಿದ್ದಳು. ತನಗೆ ಗೊತ್ತಿದ್ದದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡು, ಆ ನೋವಿನಲ್ಲಿ, ಅವನಿಗೊಂದು ಜಾಗ ಬಿಟ್ಟುಕೊಟ್ಟಿದ್ದಳು. ಬಾಗಿಲ ಆಚೆ ಅತ್ತೆಯ ನೆರಳು ಕಾಣುತ್ತಿತ್ತು. ಅವನ ಹಿಂದೆ ಹಸಿ ಚಿತ್ರ.

'ಪಾತ್ರೆಗೆ ಕಲಾಯಿ ಹೋಗಿದ್ಯಾ? ಕಿಲುಬು ಗಿಲುಬು ಸೇರಿದ್ರೆ ಮೊಟ್ಟೆ ಬಿಳಿ ಕುಡಿಸಬೇಕು, ಹಾಲು ಕುಡಿಸಬೇಕು. ಹಣ್ಣು ಕೊಳೆತದ್ದಾದ್ರೆ ಹುಳಿ ಕುಡಿಸಬೇಕು. ಒಂದಕ್ಕೆ ಇನ್ನೊಂದು ಆಗಿಬರಲ್ಲ. ಬೇಗ ಹೇಳು.'

'ಪಾತ್ರೆಗೆ ಕಲಾಯಿ ಇದೆ' ಅಂದ. ಅದು ನಿಜವಾಗಿತ್ತು. ನಿಜವನ್ನು ಹೇಳಿದ್ದರಿಂದ ಮುಂದಿನದಕ್ಕೆ ಧೈರ್ಯ ಬಂತು. 'ಹಣ್ಣು ಹಳೇದು. ಕೊಳೆತಿತ್ತು.'

'ಅಷ್ಟೇನಾ?'

'ಅಷ್ಟೇ.'

ಮುದುಕಿ ಅತ್ತೆಗೆ ಹುಳಿಯ ಶೀಶೆ ತರಲು ಕೂಗಿ ಹೇಳಿದಳು. ಹುಳಿ ಅನ್ನುವ ಶಬ್ದ ಕೇಳಿದಾಗ ಅವನಿಗೆ ಮಾಡಿನ ಕೆಳಗಿನ ತನ್ನ ಗಡಿಗೆ ಕಂಡಿತು, ಹುಳಿಯ ಆವಿಗೆ ತಾಮ್ರ ಕರಗಿ ಹಸಿರಾಗಿ ಹೂವಿನಂತೆ ಅರಳುವುದು ಕಂಡಿತು. ಎದ್ದ. ಒಳಗಿನ ಗೂಡಿನಿಂದ ಮೊಟ್ಟೆ ತಂದ. ಹೊಸ ಚಿತ್ರಕ್ಕೆ ಹೊಳಪು ಕೊಡುವುದಕ್ಕೆ ಮೊಟ್ಟೆಯ ಬಿಳಿ ಬೇಕೆಂದು ಅವನ ಮನೆಯಲ್ಲಿ ಮೊಟ್ಟೆ ಯಾವಾಗಲೂ ಇರುತ್ತಿತ್ತು. ಒಡೆದು ಬಿಳಿಯನ್ನು ಬಟ್ಟಲಿಗೆ ಇಳಿಸಿ, ಕೋಣೆಯ ಬಾಗಿಲಿಗೆ ಹೋಗಿ ನಿಂತ. ಕಸಿಲ್ದಾಳ ತಲೆಯನ್ನು ಎತ್ತಿ ಹಿಡಿದು ಮುದುಕಿ ಹುಳಿನೀರು ಕುಡಿಸುತ್ತಿದ್ದಳು.

'ಇದನ್ನೂ ಕೊಡಿ' ಅಂದ.

'ಏನದು? ಮೊಟ್ಟೆನಾ? ಯಾಕೆ?'

'ಸುಮ್ಮನೆ. ಇರಲಿ ಅಂತ.'

'ಸುಮ್ಮನೆ ಯಾರಾದ್ರೂ ಮೊಟ್ಟೆ ಒಡೀತಾರೇನೋ? ಹುಳಿ ಮೇಲೆ ಮೊಟ್ಟೆ ಕುಡಿಸಿ ಇನ್ನಷ್ಟು ಕೆಡಿಸಲಾ? ಕಾರಣ ಇದ್ರೆ ಹೇಳು, ಇಲ್ಲಾಂದ್ರೆ ಆಚೆ ನಡಿ. ಗಂಡಸರಿಗಿಲ್ಲಿ ಏನು ಕೆಲಸ?'

ಕಸಿಲ್ದಾ ಬಟ್ಟಲಿನಿಂದ ಬಾಯಿ ತೆಗೆದು ಅವನನ್ನು ನೋಡಿದಳು. ಬೆವರಿಗೆ ಕೂದಲು ಹಣೆಗಂಟಿತ್ತು. ಕಣ್ಣು ದೊಡ್ಡದಾಗಿ, ತಿಳಿಯಾಗಿ, ಕಾಯುತ್ತಿತ್ತು. ಅವನು ಬಾಯಿ ತೆರೆದ. ಒಂದು ಕ್ಷಣ ಅವನಿಗೆ ತಾನು ಹೇಳಿಯೇಬಿಟ್ಟೆ ಅನಿಸಿತು, ಎಲ್ಲ ಹೇಳಿ ಹಗುರಾದೆ ಅನಿಸಿತು. ಆದರೆ ಯಾರ ಮುಖವೂ ಬದಲಾಗಿರಲಿಲ್ಲ. ಅವಳು ಉಳಿದ ಹುಳಿನೀರನ್ನು ಒಂದೇ ಸಲಕ್ಕೆ ಕುಡಿದು ಗೋಡೆಯ ಕಡೆ ತಿರುಗಿದಳು. ಮುದುಕಿ ಬಾಗಿಲು ಹಾಕಿದಳು.

ಬಟ್ಟಲು ಹಿಡಿದುಕೊಂಡು ಅವನು ಮುಂದಿನ ಕೋಣೆಯಲ್ಲಿ ನಿಂತ. ಚೆಲ್ಲಬಹುದಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ, ಅನ್ನದ ಪದಾರ್ಥ. ಹೊತ್ತು ಇಳಿಯುತ್ತಿತ್ತು, ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ. ಹಿಂದಿನ ದಿನಗಳಲ್ಲಿ ಬರೆದ ಭಾಗವೆಲ್ಲ ಒಣಗಿತ್ತು. ಅವನು ಮೆತ್ತನೆಯ ಕುಂಚ ತಗೊಂಡು ಮೊಟ್ಟೆಯ ಬಿಳಿಯಲ್ಲಿ ಅದ್ದಿ ರೊಟ್ಟಿಯ ಮೇಲೆ ಸವರಿದ, ತಾಮ್ರದ ಮೇಲೆ ಸವರಿದ, ಹಿಂದಿನ ಸಾಲಿನ ಹಣ್ಣುಗಳ ಮೇಲೆ ಸವರಿದ. ಅಳುತ್ತಿದ್ದ, ಸವರುತ್ತಿದ್ದ. ಮುಂದಿನ ಸಾಲು ಹಸಿಯಿತ್ತು. ಅದನ್ನು ಮುಟ್ಟದ ಹಾಗೆ ಬಹಳ ಹುಷಾರಾಗಿ ಅದರ ಸುತ್ತ ಸವರಿದ. ಒಂದೊಂದಾಗಿ ಎಲ್ಲವೂ ಒದ್ದೆಯಾಗಿ ಹೊಳೆದು ಮೇಲೆದ್ದವು. ಬಟ್ಟಲು ಖಾಲಿಯಾಯಿತು.

ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಲೆಯೊನಾರ್ದಾ ಬಾಗಿಲು ತೆಗೆದಳು. ಒಳಗೆ ಅಳುವ ಸದ್ದಿರಲಿಲ್ಲ. ಅವಳ ತೋಳಿನಲ್ಲಿ ಬಟ್ಟೆಯ ಗಂಟು ಇತ್ತು. 'ಹೆಣ್ಣು' ಅಂದಳು. 'ಹೊಟ್ಟೆಯಲ್ಲೇ ಹೋಗಿತ್ತು. ನೋಡ್ತೀಯಾ?' ಅತ್ತೆ ಮೂಲೆಯಲ್ಲಿ ಕೂತು ಸೆರಗಿನಂಥ ತನ್ನ ಕಪ್ಪು ಹೊದಿಕೆಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಎವಾರಿಸ್ತೊ ಬಟ್ಟೆ ಸರಿಸಿದ. ಕಿಟಕಿಯ ಕೊನೆಯ ಬೆಳಕು ಸಾಕಷ್ಟಿತ್ತು. ಸಣ್ಣ ಹಣೆ, ಮುಚ್ಚಿದ ರೆಪ್ಪೆ, ಮುಷ್ಟಿ ಹಿಡಿದ ಕೈ. ಅವನು ಹುಡುಕುತ್ತಿದ್ದ. ಕೆನ್ನೆ ನೋಡಿದ, ಕತ್ತಿನ ಮಡಿಕೆ ಬಿಡಿಸಿ ನೋಡಿದ, ತಿರುಗಿಸಿ ಬೆನ್ನು ನೋಡಿದ, ತೊಡೆಯ ಸಂದು ನೋಡಿದ. ಏನಾದರೂ ಒಂದು ಇದ್ದಿದ್ದರೆ, ಕಡಲೆಕಾಳಿನಷ್ಟು ಹಸಿರು, ಅವನು ಅದನ್ನು ನೋಡಿ ಇದು ನನ್ನದು ಅನ್ನುತ್ತಿದ್ದ. ಮೈ ಹಾಲಿನ ಹಾಗೆ ಶುಭ್ರವಾಗಿತ್ತು.

'ಒಂದು ಮಚ್ಚೆ ಇಲ್ಲ ನೋಡು' ಅಂದಳು ಲೆಯೊನಾರ್ದಾ, ಸಮಾಧಾನ ಮಾಡುವವಳ ಹಾಗೆ. 'ಅವ್ವನ ಬಯಕೆ ತೀರಿತ್ತು. ಅಷ್ಟಾದ್ರೂ ಆಯ್ತು.'

ಅವನು ಒಳಗೆ ಹೋದ. ಕೋಣೆಯಲ್ಲಿ ಹುಳಿಯ ವಾಸನೆ. ಕಸಿಲ್ದಾ ಕಣ್ಣು ತೆರೆದೇ ಮಲಗಿದ್ದಳು. ಅವನು ಮಂಚದ ಕಾಲ್ದೆಸೆಯಲ್ಲಿ ನಿಂತ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ. ಬೆರಳಿನ ಸಂದಿಗಳಲ್ಲಿ ಹಸಿರು ಒಣಗಿತ್ತು.

'ಮಚ್ಚೆ ಇದೆಯಾ?' ಅಂದಳು.

'ಇಲ್ಲ.'

'ಎಲ್ಲೂ ಇಲ್ವಾ? ಚೆನ್ನಾಗಿ ನೋಡಿದ್ರಾ?'

'ನೋಡಿದೆ. ಎಲ್ಲೂ ಇಲ್ಲ.'

ಬೀದಿಯಲ್ಲಿ ಯಾರೋ ಹಬ್ಬದ ಒಣಗಿದ ಸೊಪ್ಪನ್ನು ಗುಡಿಸುತ್ತಿದ್ದರು, ಪೊರಕೆಯ ಸದ್ದು ಹತ್ತಿರವಾಗಿ ದೂರವಾಯಿತು.

'ಬಾಯಲ್ಲಿ ತಾಮ್ರದ ದುಡ್ಡು ಇಟ್ಕೊಂಡ ಹಾಗಿತ್ತು' ಅಂದಳು. 'ಉಗಿದುಬಿಡೋಣ ಅನ್ಸಿತು. ಬಯಸಿ ಬಾಯಿಗಿಟ್ಟದ್ದನ್ನ ಉಗಿದ್ರೆ ಮಗೂಗೆ ಆಗಿಬರಲ್ಲ ಅಂತ ಕಣ್ಣು ಮುಚ್ಚಿ ನುಂಗಿದೆ.' ತಲೆ ತಿರುಗಿಸಿ ಅವನ ಮುಖವನ್ನೇ ನೋಡಿದಳು. 'ಮಚ್ಚೆ ಇಲ್ಲ ಅಂದ್ರೆ, ನಾನು ತಿಂದದ್ದು ಹಣ್ಣೇ ಅಲ್ವಾ?'

ಅವಳಿಗೆ ಗೊತ್ತು ಅನ್ನುವುದು ಅವನಿಗೆ ಗೊತ್ತಿತ್ತು. ಇದು ಕೊನೆಯ ಸಲ ಕೇಳುತ್ತಿದ್ದಾಳೆ, ಇನ್ನು ಯಾವತ್ತೂ ಕೇಳುವುದಿಲ್ಲ ಅನ್ನುವುದೂ ಗೊತ್ತಿತ್ತು.

'ಹೌದು' ಅಂದ ಎವಾರಿಸ್ತೊ. 'ಹಣ್ಣೇ.'